ಕೆಮ್ಮಣ್ಣಿನಲ್ಲಿ ನಿಂತು ಭೂಮಿಯನ್ನೇ ಅಳೆಯಿರಿ!

ಒಂದು ಪ್ರಶ್ನೆ. ಮೊಬೈಲು ಕೆಳಗಿಟ್ಟು ಉತ್ತರ ಹೇಳಬೇಕು!

ಇಡೀ ಭೂಮಿಯ ಸುತ್ತಳತೆ ಕಂಡುಹಿಡಿಯಬೇಕು. ನಿಮ್ಮ ಹತ್ತಿರ ಇರುವುದು ಬರೀ ಹೈಸ್ಕೂಲಿನ ಚೀಲ. ಖರ್ಚು ಎಷ್ಟಾದೀತು? ಲಕ್ಷ? ಕೋಟಿ? ರಾಕೆಟ್ಟು ಬೇಕೆ? ಉಪಗ್ರಹ ಬೇಕೆ?

ಏನೂ ಬೇಡ! ಒಂದು ಮೀಟರ್ ಉದ್ದದ ಕೋಲು ಸಾಕು. ಒಂದು ಟೇಪು. ಕಂಪಾಸು ಪೆಟ್ಟಿಗೆಯಲ್ಲಿ ಹೇಗೂ ಬಿದ್ದಿರುವ ಕೋನಮಾಪಕ. ಜೊತೆಗೆ ದೂರದ ಒಂದು ಊರಿನಲ್ಲಿ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಆಯಿತು.

ಯಾವ ಊರು? ಊಹಿಸುತ್ತಾ ಇರಿ. ಆಮೇಲೆ ಹೇಳುತ್ತೇನೆ. ಕೇಳಿದರೆ ಭೂಪಟ ತೆಗೆದು ನೋಡದೆ ಬಿಡಲಾರಿರಿ!

ಮೊದಲು ಉಡುಪಿ ಹತ್ತಿರದ ಕೆಮ್ಮಣ್ಣಿಗೆ ಬನ್ನಿ. ಸುವರ್ಣಾ ನದಿ ಕಡಲು ಸೇರುವ ಮುಂಚೆ ಮೈಚೆಲ್ಲಿ ಹರಡುವ ಜಾಗ ಇದು. ಹೊಳೆಯ ನಡುವೆ ಕುದ್ರುಗಳು, ಅಂದರೆ ನಡುಗಡ್ಡೆಗಳು. ಕುದ್ರುಗಳ ತುಂಬ ತೆಂಗು. ತಿಮ್ಮಣ್ಣಕುದ್ರುವಿಗೆ ತೂಗುಸೇತುವೆ. ಆಚೆ ಹೂಡೆ. ಇನ್ನೂ ಆಚೆ ಕೋಡಿ ಬೆಂಗ್ರೆ. ಅಲ್ಲಿ ಸೀತಾ ನದಿಯನ್ನೂ ಕೂಡಿಕೊಂಡು ನೀರು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ.

ಬಂದವರೆಲ್ಲ ಇಲ್ಲಿ ಫೋಟೋ ತೆಗೆಯುತ್ತಾರೆ. ಹೋಗುತ್ತಾರೆ. ಅಯ್ಯೋ, ಅವರು ಬಿಟ್ಟುಹೋದದ್ದು ಎಂಥ ಪ್ರಯೋಗಶಾಲೆಯನ್ನು! ಬೀಗವಿಲ್ಲ. ಫೀಸಿಲ್ಲ. ಗಾಜಿನ ಕಪಾಟಿಲ್ಲ. ‘ಮುಟ್ಟಬೇಡಿ’ ಎಂಬ ಬೋರ್ಡೂ ಇಲ್ಲ!

ನೆರಳೇ ಇಲ್ಲದ ಮಧ್ಯಾಹ್ನ

ಏಪ್ರಿಲ್ 25. ಈ ತಾರೀಕಿಗೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಡಿ.

ಅಂಗಳದಲ್ಲಿ ಆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗೆ ಅಂದರೆ ನೆಟ್ಟಗೆ! ದಾರದ ತುದಿಗೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ದಾರಕ್ಕೂ ಕೋಲಿಗೂ ಒಂಚೂರೂ ಓರೆ ಬರಬಾರದು.

ಗಂಟೆ 12. ನೆರಳು ಇದೆ. ಕೋಲಿನ ಪಶ್ಚಿಮಕ್ಕೆ ಸುಮಾರು 12 ಸೆಂ.ಮೀ. 12:15. ಅರ್ಧಕ್ಕಿಳಿಯಿತು, 6 ಸೆಂ.ಮೀ. 12:20. ನಾಲ್ಕೂ ಇಲ್ಲ! ನೋಡುನೋಡುತ್ತಲೇ ಕುಗ್ಗುತ್ತಿದೆ. ಸುತ್ತ ನಿಂತವರ ಮಾತು ನಿಂತಿದೆ.

12:29. ನೆರಳು ಮಾಯ!

ಪಕ್ಕದಲ್ಲಿ ಸ್ಟೀಲಿನ ಲೋಟ ಮಗುಚಿಟ್ಟಿದ್ದೀರಾ? ಅದಕ್ಕೂ ನೆರಳಿಲ್ಲ. ಪಿವಿಸಿ ಪೈಪಿನ ತುಂಡು ನಿಲ್ಲಿಸಿದ್ದೀರಾ? ಬಿಸಿಲು ಅದರೊಳಗೆ ನೇರ ಇಳಿದು ತಳದಲ್ಲಿ ದುಂಡಗೆ ಕೂತಿದೆ. ನಿಮ್ಮ ನೆರಳು? ಅದು ನಿಮ್ಮ ಪಾದದಡಿಗೇ ಸೇರಿಕೊಂಡಿದೆ. ಸೂರ್ಯ ನೆತ್ತಿಯ ಮೇಲಿದ್ದಾನೆ. ಮಾತಿಗೆ ಹೇಳುವ ನೆತ್ತಿಯಲ್ಲ, ಗಣಿತದ ನೆತ್ತಿ!

ಇದೇ ‘ಶೂನ್ಯ ನೆರಳಿನ ದಿನ’. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವನ್ನೂ ಭೌತಶಾಸ್ತ್ರದ ಮೇಷ್ಟ್ರು ಡಾ. ಎ.ಪಿ. ಭಟ್ಟರನ್ನೂ ಕರಾವಳಿಯ ಪತ್ರಿಕೆ ಓದುವವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಗ್ರಹಣ ಬಂದರೂ ವಿವರಿಸುವವರು ಅವರು, ನೆರಳು ಹೋದರೂ ಅವರು!

ಈಗ ಇನ್ನೊಂದು ಕೌತುಕ. 12 ಗಂಟೆಗೆ ಆಗಬೇಕಾದ ನಡುಮಧ್ಯಾಹ್ನ ಇಲ್ಲಿ ಅರ್ಧ ಗಂಟೆ ತಡ ಯಾಕೆ? ನಮ್ಮ ಗಡಿಯಾರಗಳು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮಾತು ಕೇಳುತ್ತವೆ. ಉಡುಪಿ ಇರುವುದು ಅದಕ್ಕಿಂತ ಸುಮಾರು ಏಳೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷ. ಲೆಕ್ಕ ಹಾಕಿ. 31 ನಿಮಿಷ! ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡದ ಕಾರಣಕ್ಕೆ, ಅದರ ಅಕ್ಷವೂ ವಾಲಿರುವ ಕಾರಣಕ್ಕೆ, ಏಪ್ರಿಲ್ ಕೊನೆಯಲ್ಲಿ ಎರಡು ನಿಮಿಷ ಕಳೆಯಬೇಕು. ಬಂತಲ್ಲ 29! ಕೋಲೊಂದು ಇಷ್ಟೆಲ್ಲ ಬಾಯಿಬಿಡುತ್ತದೆ!

ತಾಳಿ, ಈ ನೆರಳಿಲ್ಲದ ಮಧ್ಯಾಹ್ನ ಒಂದೇ ಕಡೆ ನಿಲ್ಲುವುದಿಲ್ಲ. ನಡೆಯುತ್ತದೆ! ಚಾಮರಾಜನಗರಕ್ಕೆ ಏಪ್ರಿಲ್ 21ರ ಸುಮಾರಿಗೆ ಬರುತ್ತದೆ. ಕಾಸರಗೋಡಿಗೆ 22–23ಕ್ಕೆ. ಉಡುಪಿಗೆ 25. ಕಾರವಾರಕ್ಕೆ ತಿಂಗಳ ಕೊನೆ. ಬೀದರ್ ಮುಟ್ಟುವಾಗ ಮೇ 12 ಆಗಿರುತ್ತದೆ. ಕರ್ನಾಟಕ ದಾಟಲು ಅದಕ್ಕೆ ಮೂರು ವಾರ! ನಮ್ಮ ಕರಾವಳಿಯಲ್ಲಿ ಅದರ ನಡಿಗೆ ದಿನಕ್ಕೆ ಎಷ್ಟು? ಸುಮಾರು 35 ಕಿ.ಮೀ. ಬೇಕಿದ್ದರೆ ಸೈಕಲ್ಲಿನಲ್ಲಿ ಬೆನ್ನಟ್ಟಿ ದಿನವೂ ಶೂನ್ಯ ನೆರಳು ನೋಡಬಹುದು!

ಆಗಸ್ಟ್ 17ರ ಸುಮಾರಿಗೆ ಅದೇ ಸೂರ್ಯ ವಾಪಸು ಬರುವಾಗ ಇನ್ನೊಮ್ಮೆ ಸಿಗುತ್ತಾನೆ. ಆದರೆ ಆಗ ತುಳುನಾಡಿನ ಆಟಿ ತಿಂಗಳು ಮುಗಿದು ಸೋಣ ಕಾಲಿಡುವ ಹೊತ್ತು. ಮೋಡ ಬಿಡಬೇಕಲ್ಲ! ಹಾಗಾಗಿ ಏಪ್ರಿಲ್ ತಪ್ಪಿಸಬೇಡಿ.

ಆ ದೂರದ ಊರು ಯಾವುದು?

ಊಹಿಸಿದಿರಾ? ಮುಂಬಯಿ? ಅಲ್ಲ. ದೆಹಲಿ? ಹತ್ತಿರ ಬಂದಿರಿ, ಆದರೂ ಅಲ್ಲ.

ಅಮೃತಸರ!

ಭೂಪಟ ತೆಗೆಯಿರಿ. ಉಡುಪಿಯ ಮೇಲೆ ಬೆರಳಿಡಿ. ನೇರ ಉತ್ತರಕ್ಕೆ ಎಳೆಯಿರಿ. ಮಹಾರಾಷ್ಟ್ರ ದಾಟಿ, ರಾಜಸ್ಥಾನದ ಮರಳು ದಾಟಿ, ಸ್ವರ್ಣಮಂದಿರದ ಹತ್ತಿರ ಬಂದು ನಿಲ್ಲುತ್ತೀರಿ. ಉಡುಪಿಯ ರೇಖಾಂಶ 74.74 ಡಿಗ್ರಿ. ಅಮೃತಸರದ್ದು 74.87. ಎರಡೂ ಊರಿನ ನಡುಮಧ್ಯಾಹ್ನಕ್ಕೆ ಅಂತರ ಅರ್ಧ ನಿಮಿಷ! ಕೃಷ್ಣಮಠದ ಊರಿಗೂ ಸ್ವರ್ಣಮಂದಿರದ ಊರಿಗೂ ಸೂರ್ಯ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಏರಿನ ತುದಿ ಮುಟ್ಟುತ್ತಾನೆ!

ಏಪ್ರಿಲ್ 25ರ ಆ ಹೊತ್ತಿನಲ್ಲಿ ಅಮೃತಸರದ ಒಂದು ಶಾಲೆಗೆ ಫೋನು ಮಾಡಿ. ಅಲ್ಲೂ ಒಂದು ಮೀಟರ್ ಕೋಲು ನಿಲ್ಲಿಸಲಿ. ನಿಮ್ಮ ಕೋಲಿಗೆ ನೆರಳಿಲ್ಲ. ಅವರ ಕೋಲಿಗೆ?

33 ಸೆಂಟಿಮೀಟರ್!

ಅಷ್ಟೇ ಬೇಕಾದದ್ದು. ಹಾಳೆಯ ಮೇಲೆ 10 ಸೆಂ.ಮೀ. ಕೋಲು ಬರೆಯಿರಿ. ಬುಡದಲ್ಲಿ 3.3 ಸೆಂ.ಮೀ. ನೆರಳು ಬರೆಯಿರಿ. ತುದಿಗಳನ್ನು ಜೋಡಿಸಿ. ಕೋಲಿನ ತುದಿಯಲ್ಲಾದ ಕೋನ ಅಳೆಯಿರಿ. 18.3 ಡಿಗ್ರಿ. ಹತ್ತನೇ ಕ್ಲಾಸಿನವರಿಗೆ ತ್ರಿಕೋನಮಿತಿ ಇದೆ, ಅವರು ಹಾಳೆಯನ್ನೂ ಬಳಸಬೇಕಿಲ್ಲ.

ಅಟ್ಲಾಸಿನ ಅಳತೆಪಟ್ಟಿ ಇಟ್ಟು ನೋಡಿದರೆ ಎರಡೂ ಊರಿನ ನಡುವೆ ನೇರ ದೂರ ಸುಮಾರು 2025 ಕಿ.ಮೀ. ಎರಡು ಊರಿನ ನೆರಳಿಗೆ ಈ ಅಂತರ ಬಂದದ್ದು ನಡುವೆ ಭೂಮಿ ಅಷ್ಟೇ ಕೋನ ಬಾಗಿರುವುದರಿಂದ. ಅಂದರೆ ಭೂಮಿಯ ಮೇಲೆ 18.3 ಡಿಗ್ರಿ ಹೋದರೆ 2025 ಕಿ.ಮೀ. ಹಾಗಾದರೆ 360 ಡಿಗ್ರಿ, ಅಂದರೆ ಪೂರ್ತಿ ಒಂದು ಸುತ್ತು ಹೋದರೆ?

39,836 ಕಿ.ಮೀ!

ಧ್ರುವಗಳ ಮೂಲಕ ಸುತ್ತಿದರೆ ಭೂಮಿಯ ನಿಜವಾದ ಸುತ್ತಳತೆ 40,008 ಕಿ.ಮೀ. ತಪ್ಪಿದ್ದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಕೆಮ್ಮಣ್ಣಿನ ಅಂಗಳದಲ್ಲಿ! ಒಂದು ಕೋಲಿನಿಂದ!

ಆದರೆ ಹುಷಾರು. ನೆರಳಿನ ಅಳತೆಯಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಭೂಮಿ ನೂರಕ್ಕೂ ಹೆಚ್ಚು ಕಿ.ಮೀ. ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ! ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ಅಂಚು ಮಸುಕು. ಮಸುಕಿನ ನಡುವಿಗೆ ಗುರುತು ಹಾಕಿ. ‘ಸರಿಯಾಗಿ ಅಳೆ’ ಎಂದು ಮೇಷ್ಟ್ರು ಯಾಕೆ ಗದರುತ್ತಿದ್ದರು ಎಂಬುದು ಆಗ ತಿಳಿಯುತ್ತದೆ!

ಇದೇ ಉಪಾಯವನ್ನು ಎರಟೋಸ್ತನೀಸ್ ಎಂಬ ವಿದ್ವಾಂಸ ಈಜಿಪ್ಟಿನಲ್ಲಿ ಮಾಡಿದ. ಯಾವಾಗ? 2200 ವರ್ಷಕ್ಕೂ ಹಿಂದೆ! ಅವನಿಗೆ ಸಿಕ್ಕಿದ್ದು ಸಯೀನ್ ಮತ್ತು ಅಲೆಕ್ಸಾಂಡ್ರಿಯಾ. ನಿಮಗೆ ಸಿಕ್ಕಿರುವುದು ಕೆಮ್ಮಣ್ಣು ಮತ್ತು ಅಮೃತಸರ. ಅವನ ಕೋನ 7.2 ಡಿಗ್ರಿ. ನಿಮ್ಮದು ಅದರ ಎರಡೂವರೆ ಪಟ್ಟು. ಅವನಲ್ಲಿ ಫೋನೂ ಇರಲಿಲ್ಲ!

ಅಂದಹಾಗೆ ಅಮೃತಸರದ ಮಕ್ಕಳಿಗೆ ಶೂನ್ಯ ನೆರಳು ಜನ್ಮದಲ್ಲಿ ತಮ್ಮೂರಲ್ಲಿ ಸಿಗುವುದಿಲ್ಲ. ಕರ್ಕಾಟಕ ವೃತ್ತದ ಆಚೆಗೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ದೆಹಲಿಗೂ ಇಲ್ಲ. ನಮಗೆ ವರ್ಷಕ್ಕೆ ಎರಡು ಸಲ!

ಅದಮಾರಿನ ಹುಡುಗ

ಇದೇ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಒಬ್ಬ ಹುಡುಗ ಓದುತ್ತಿದ್ದ. ಕಾಪು ಕಡೆಯ ಅದಮಾರಿನವನು. ಹುಟ್ಟಿದ್ದು 1932ರ ಮಾರ್ಚ್ 10. ಯಾರು ಹೇಳಿ?

ಸುಳಿವು ಬೇಕೆ? 360 ಕೆ.ಜಿ. 1975ರ ಏಪ್ರಿಲ್ 19.

ಯು.ಆರ್. ರಾವ್! ಆ 360 ಕೆ.ಜಿ. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ದ ತೂಕ, ಆ ತಾರೀಕು ಅದು ಹಾರಿದ ದಿನ. ರಾವ್ ಅವರ ತಂಡ ಅದನ್ನು ಕಟ್ಟಿದ್ದು ಎಲ್ಲಿ? ಹವಾನಿಯಂತ್ರಿತ ಅರಮನೆಯಲ್ಲೇ? ಬೆಂಗಳೂರಿನ ಪೀಣ್ಯದಲ್ಲಿ, ಕಲ್ನಾರು ಶೀಟಿನ ಮಾಡು ಹೊದಿಸಿದ ಶೆಡ್ಡುಗಳಲ್ಲಿ! ಅಷ್ಟೇ ಅಲ್ಲ. ಉಪಗ್ರಹ ಕಳಿಸುವ ಸಂಕೇತಗಳನ್ನು ಹಿಡಿಯಲು ಜಾಗ ಸಾಲಲಿಲ್ಲ. ಏನು ಮಾಡಿದರು ಗೊತ್ತೆ? ಒಂದು ಶೌಚಾಲಯವನ್ನೇ ಖಾಲಿ ಮಾಡಿಸಿ ಕೇಂದ್ರ ಮಾಡಿಕೊಂಡರು!

‘ನಮ್ಮ ಶಾಲೆಯಲ್ಲಿ ಲ್ಯಾಬಿಲ್ಲ’ ಎಂದು ಇನ್ನು ಯಾರಾದರೂ ಅಂದರೆ ಈ ಕತೆ ಹೇಳಿ!

ಅಡುಗೆಮನೆಯಲ್ಲಿ ಸೇಂಟ್ ಮೇರೀಸ್

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೀರಲ್ಲ? ಆ ಕಲ್ಲುಕಂಬಗಳ ಮೇಲೆ ಕೂತು ಫೋಟೋ ತೆಗೆಸಿದ್ದೀರಿ. ಸರಿ, ಅವುಗಳ ಮುಖ ಎಣಿಸಿದ್ದೀರಾ?

ಎಣಿಸಿ! ಐದು. ಆರು. ಮತ್ತೆ ಆರು. ಅಲ್ಲೊಂದು ಏಳು. ಯಾವ ಶಿಲ್ಪಿ ಕೆತ್ತಿದ? ಯಾರೂ ಕೆತ್ತಿಲ್ಲ! ಲಾವಾ ಆರುತ್ತಾ ಕುಗ್ಗಿತು, ಕುಗ್ಗುತ್ತಾ ತಾನೇ ಹೀಗೆ ಬಿರಿಯಿತು.

ಎಷ್ಟು ಹಿಂದೆ? ಸಾವಿರ ವರ್ಷ? ಲಕ್ಷ? ಸುಮಾರು 8.8 ಕೋಟಿ ವರ್ಷ! ಡೈನೋಸಾರುಗಳು ಅಳಿಯುವುದಕ್ಕೆ ಆಗಿನ್ನೂ 2 ಕೋಟಿ ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಕಳಚಿಕೊಳ್ಳುತ್ತಿದ್ದ ಕಾಲ ಅದು. ಈಗ ಅದು ಇಲ್ಲಿಂದ ಸುಮಾರು 4000 ಕಿ.ಮೀ. ಆಚೆ ಇದೆ. ಆ ಅಗಲಿಕೆಯ ಗುರುತಿನ ಮೇಲೆ ನಾವು ಕೂತು ಚುರುಮುರಿ ತಿನ್ನುತ್ತೇವೆ!

ಈಗ ನಂಬಲಾಗದ ಮಾತು. ಆ ಕಂಬಗಳನ್ನು ನಿಮ್ಮ ಅಡುಗೆಮನೆಯಲ್ಲಿ ಬೆಳೆಸಬಹುದು! ಬೆಂಕಿಯಿಲ್ಲದೆ! ಲಾವಾ ಇಲ್ಲದೆ!

ಬೇಕಾದದ್ದು ಗೋಬಿ ಮಂಚೂರಿಗೆ ಹಾಕುವ ಕಾರ್ನ್‌ಫ್ಲೋರ್. ಅದರಷ್ಟೇ ತೂಕದ ನೀರು. ಗಾಜಿನ ಬಟ್ಟಲಲ್ಲಿ ಚೆನ್ನಾಗಿ ಕಲಸಿ, ಎರಡು ಮೂರು ಸೆಂ.ಮೀ. ದಪ್ಪ ಹುಯ್ಯಿರಿ. ಮೇಲೆ ಹಳೇ ಕಾಲದ 60 ವಾಟಿನ ಬಲ್ಬು ಉರಿಸಿಡಿ, ಇಲ್ಲವೇ ದಿನವೂ ಬಿಸಿಲಿಗಿಡಿ. ಕಾಯಿರಿ. ಮುಟ್ಟಬೇಡಿ. ತಂಗಿ ಮುಟ್ಟದ ಹಾಗೆಯೂ ನೋಡಿಕೊಳ್ಳಿ!

ಮೊದಲು ಮೇಲೆ ದೊಡ್ಡ ದೊಡ್ಡ ಬಿರುಕು. ‘ಇಷ್ಟೇನಾ?’ ಅನಿಸುತ್ತದೆ. ಪೂರ್ತಿ ಒಣಗಲಿ, ವಾರ ಹಿಡಿದರೂ ಹಿಡಿಯಲಿ. ಆಮೇಲೆ ಒಂದು ತುಂಡನ್ನು ಎತ್ತಿ ಮೆಲ್ಲಗೆ ಮುರಿಯಿರಿ. ಮಗುಚಿ ಅಡಿ ನೋಡಿ.

ಕಂಬಗಳು! ಕೆಲವೇ ಮಿಲಿಮೀಟರ್ ಅಗಲದ, ಐದಾರು ಮುಖದ, ಒತ್ತೊತ್ತಾಗಿ ನಿಂತ ಬಿಳೀ ಕಂಬಗಳು! ಅಂಗೈ ಮೇಲೆ ಸೇಂಟ್ ಮೇರೀಸ್!

ಲಾವಾ ಕುಗ್ಗಿದ್ದು ಬಿಸಿ ಕಳೆದುಕೊಂಡು. ಹಿಟ್ಟು ಕುಗ್ಗಿದ್ದು ನೀರು ಕಳೆದುಕೊಂಡು. ಕಾರಣ ಬೇರೆ, ಲೆಕ್ಕ ಒಂದೇ. ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಇಳಿಯುತ್ತಾ 120 ಡಿಗ್ರಿಯ ಕೋನಕ್ಕೆ ಹೊಂದಿಕೊಳ್ಳುತ್ತದೆ. ಒತ್ತಡ ಸಮನಾಗಿ ಬಿಡುಗಡೆಯಾಗುವುದು ಹಾಗೆ. ವಿಜ್ಞಾನಿಗಳೂ ಕಲ್ಲುಕಂಬಗಳ ಗುಟ್ಟು ಬಿಡಿಸಲು ಇದೇ ಹಿಟ್ಟನ್ನು ಕಲಸಿದ್ದಾರೆ!

ಇನ್ನೊಂದು ಸವಾಲು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿದಿರುತ್ತದಲ್ಲ, ಅಲ್ಲಿಗೆ ಕೋನಮಾಪಕ ಹಿಡಿದು ಹೋಗಿ. ಅಲ್ಲೂ 120 ಎಂದುಕೊಂಡಿರಾ? ಅಳೆಯಿರಿ! ಹೆಚ್ಚಿನ ಕಡೆ 90ರ ಆಸುಪಾಸು ಬರುತ್ತದೆ. ಒಂದು ಬಿರುಕು ಮೊದಲು ಹೋಗಿರುತ್ತದೆ. ಎರಡನೆಯದು ಆಮೇಲೆ ಬಂದು ಅದಕ್ಕೆ ನೇರ ಡಿಕ್ಕಿ ಹೊಡೆದು ನಿಲ್ಲುತ್ತದೆ. ಅಂದರೆ ಕೋನ ನೋಡಿಯೇ ಯಾವ ಬಿರುಕು ಅಣ್ಣ, ಯಾವುದು ತಮ್ಮ ಎಂದು ಹೇಳಬಹುದು!

ಎಲೆಯ ಮೇಲೆ ಉಪ್ಪು, ಗೋಡೆಯ ಮೇಲೆ ಹೊಳೆ

ಮತ್ತೆ ಹೊಳೆಬದಿಗೆ ಬನ್ನಿ. ಕೆಸರಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ, ನಿಂತಿದೆ. ಬೇರೆ ಗಿಡಕ್ಕೆ ಈ ಉಪ್ಪುನೀರು ಹುಯ್ದು ನೋಡಿ, ಸತ್ತೇಹೋಗುತ್ತದೆ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು! ಕಾಂಡ್ಲಾ ಇದನ್ನು ಹೇಗೆ ಕುಡಿಯುತ್ತದೆ?

ಬೇರಿನಲ್ಲೇ ಸೋಸಿ! ಉಪ್ಪಿನ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ಒಳಗೇ ಬಿಡುವುದಿಲ್ಲ. ಕರೆಂಟಿಲ್ಲ, ಮೋಟಾರಿಲ್ಲ, ಫಿಲ್ಟರು ಬದಲಿಸುವ ಖರ್ಚಿಲ್ಲ! ನುಸುಳಿದ ಉಪ್ಪನ್ನು? ಅವಿಸೆನಿಯಾ ಜಾತಿಯ ಕಾಂಡ್ಲಾ ಎಲೆಯ ಗ್ರಂಥಿಗಳಿಂದ ಹೊರಗೆ ಬೆವರಿಬಿಡುತ್ತದೆ. ಬಿಸಿಲೇರಿದ ಹೊತ್ತಿಗೆ ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮಿಣಮಿಣ! ಉಪ್ಪಿನ ಹರಳು! ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟರೆ ಸಂಶಯವೇ ಉಳಿಯುವುದಿಲ್ಲ.

ಆದರೆ ಗಿಡ ಬಲ್ಲವರು ಜೊತೆಗಿರಲಿ. ಕಣ್ಣಿಗೆ ಬಿದ್ದರೆ ಕುರುಡಾಗಿಸಬಲ್ಲ ಬಿಳಿ ಹಾಲು ಸುರಿಸುವ ಗಿಡವೂ ಕಾಂಡ್ಲಾ ಕಾಡುಗಳಲ್ಲೇ ಬೆಳೆಯುತ್ತದೆ.

ಪಕ್ಕದ ರೈಜೋಫೊರಾ ಗಿಡದಲ್ಲಿ ನುಗ್ಗೆಕೋಡಿನಂತೆ ನೇತಾಡುತ್ತಿರುವುದು ಏನು? ಕಾಯಿಯೇ? ಅಲ್ಲ, ಮರಿ! ಬೀಜ ತಾಯಿಮರದ ಮೇಲೆಯೇ ಮೊಳೆತು, ಬೆಳೆದು, ಆಮೇಲೆ ಕೆಸರಿಗೆ ಬೀಳುತ್ತದೆ. ಗಿಡ ಹೆರುತ್ತದೆ ಎಂದರೆ ನಂಬುತ್ತಿದ್ದಿರಾ?

ಈಗ ಆ ಗಿಡದ ಬುಡದಿಂದ ಒಂದು ಬಾಟಲಿ ನೀರು ತುಂಬಿಕೊಳ್ಳಿ. ಕ್ಲಾಸಿಗೆ ತನ್ನಿ. ಕಿಟಕಿ ಮುಚ್ಚಿ. ಸೂಜಿಯಿಲ್ಲದ ಸಿರಿಂಜಿನ ತುದಿಯಲ್ಲಿ ಒಂದೇ ಒಂದು ಹನಿ ನೇತಾಡಲಿ. ಲೇಸರ್ ಪಾಯಿಂಟರಿನ ಬೆಳಕನ್ನು ಆ ಹನಿಯ ಮೂಲಕ ಹಾಯಿಸಿ ಎರಡು ಮೀಟರ್ ದೂರದ ಗೋಡೆಗೆ ಬಿಡಿ. ಲೇಸರ್ ಯಾರ ಕಣ್ಣಿಗೂ ಬೀಳಬಾರದು, ಅದೊಂದು ಖಡಾಖಂಡಿತ!

ಗೋಡೆಯ ಮೇಲೆ ಏನು? ಏನೋ ಓಡುತ್ತಿದೆ! ಏನೋ ಗಿರಗಿರನೆ ತಿರುಗುತ್ತಿದೆ! ಒಂದು ಇನ್ನೊಂದಕ್ಕೆ ಗುದ್ದಿ ವಾಪಸು ಹೋಯಿತು! ಹನಿಯೊಳಗಿನ ಜೀವಿಗಳ ನೆರಳು ಗೋಡೆ ತುಂಬ! ಹನಿಯೇ ಮಸೂರ. ಎಷ್ಟು ಪಟ್ಟು ದೊಡ್ಡದು ಮಾಡಿತು, ಊಹಿಸಿ. ಹತ್ತು? ನೂರು?

ಸುಮಾರು ಸಾವಿರ ಪಟ್ಟು!

ಇನ್ನೂ ಸ್ಪಷ್ಟವಾಗಿ ಬೇಕೆಂದರೆ ಫೋಲ್ಡ್‌ಸ್ಕೋಪ್ ಇದೆ. ಕಾಗದ ಮಡಚಿ ಮಾಡಿದ ಸೂಕ್ಷ್ಮದರ್ಶಕ! ಮೀರತ್ತಿನಲ್ಲಿ ಹುಟ್ಟಿದ ಮನು ಪ್ರಕಾಶ್ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿ 2014ರಲ್ಲಿ ಜಗತ್ತಿಗೆ ತೋರಿಸಿದರು. 140 ಪಟ್ಟು ಹಿಗ್ಗಿಸುತ್ತದೆ. ಅಂಗಿ ಜೇಬಿನಲ್ಲಿ ಹಾಕಿಕೊಂಡು ಹೊಳೆಗೆ ಇಳಿಯಬಹುದು!

2020ರ ಕೊನೆಯಲ್ಲಿ ನಮ್ಮ ಕಡಲು ರಾತ್ರಿ ನೀಲಿಯಾಗಿ ಹೊಳೆದದ್ದು ನೆನಪಿದೆಯಾ? ಪಡುಕೆರೆ, ಮಟ್ಟು ಕಡೆಯಲ್ಲಿ ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರಲ್ಲ! ಆ ಬೆಳಕಿನ ಒಡೆಯ ನಾಕ್ಟಿಲೂಕಾ. ಒಂದೇ ಜೀವಕೋಶ. ಅಲೆ ತಾಗಿದರೆ ಸಾಕು, ಮಿಂಚುತ್ತದೆ. ಇಂಥದೊಂದು ಯಾವ ಹನಿಯಲ್ಲಿ ಕೂತಿದೆಯೋ ಯಾರು ಬಲ್ಲರು!

ಚಪ್ಪಾಳೆ ತಟ್ಟಿ, ಸದ್ದಿನ ವೇಗ ಹಿಡಿಯಿರಿ

ಮೊಬೈಲು ಕೆಳಗಿಡಿ ಅಂದಿದ್ದೆನಲ್ಲ? ಈಗ ಎತ್ತಿಕೊಳ್ಳಿ! ಅದರೊಳಗೆ ಮೈಕು, ಅಯಸ್ಕಾಂತ ಮಾಪಕ, ವೇಗೋತ್ಕರ್ಷ ಮಾಪಕ ಎಲ್ಲ ಇವೆ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರ ‘ಫೈಫಾಕ್ಸ್’ ಎಂಬ ಪುಕ್ಕಟೆ ಆ್ಯಪ್ ಹಾಕಿಕೊಂಡರೆ ಜೇಬಿನ ಮೊಬೈಲೇ ಲ್ಯಾಬು.

ಎರಡು ಫೋನು ತೆಗೆದುಕೊಳ್ಳಿ. ಹೂಡೆಯ ಮರಳಿನ ಮೇಲೆ 5 ಮೀಟರ್ ದೂರದಲ್ಲಿಡಿ. ಎರಡರಲ್ಲೂ ಸದ್ದು ಕೇಳಿ ಶುರುವಾಗುವ, ಸದ್ದು ಕೇಳಿ ನಿಲ್ಲುವ ಗಡಿಯಾರ ತೆರೆಯಿರಿ. ಈ ಕಡೆ ಒಬ್ಬರ ಚಪ್ಪಾಳೆ. ಎರಡೂ ಶುರು. ಆ ಕಡೆ ಇನ್ನೊಬ್ಬರ ಚಪ್ಪಾಳೆ. ಎರಡೂ ಬಂದ್. ಎರಡು ಗಡಿಯಾರಗಳ ವ್ಯತ್ಯಾಸವೇ ಸದ್ದು 10 ಮೀಟರ್ ಓಡಿದ ಸಮಯ!

ಎಷ್ಟು? ಸೆಕೆಂಡಿನ ಸಾವಿರದಲ್ಲಿ 29 ಭಾಗ! ಕಣ್ಣು ರೆಪ್ಪೆ ಬಡಿಯುವುದರೊಳಗೆ ಆಗಿಹೋಯಿತು, ಆದರೂ ನೀವು ಹಿಡಿದಿರಿ! ಭಾಗಿಸಿ. ಸೆಕೆಂಡಿಗೆ ಸುಮಾರು 345 ಮೀಟರ್. 30 ಡಿಗ್ರಿ ಸೆಕೆಯಲ್ಲಿ ನಿಜವಾದ ವೇಗ 349. ಡಿಸೆಂಬರಿನ ಬೆಳಗಿನ ಜಾವ ಮತ್ತೊಮ್ಮೆ ಮಾಡಿ. ಡಿಗ್ರಿಗೆ 0.6 ಮೀಟರಿನಂತೆ ಸದ್ದು ನಿಧಾನವಾಗಿರುತ್ತದೆ. ಚಳಿಗೆ ಸದ್ದೂ ಸೋಮಾರಿಯಾಗುತ್ತದೆ!

ಇದೇ ಫೋನು ಲಯವನ್ನೂ ಅಳೆಯುತ್ತದೆ. ತೂಗುಸೇತುವೆಗೂ ತನ್ನದೇ ಲಯವಿದೆ. ನಡಿಗೆಯ ಲಯ ಅದಕ್ಕೆ ಕೂಡಿಬಿಟ್ಟರೆ? ಇಂಗ್ಲೆಂಡಿನ ಬ್ರೌಟನ್‌ನಲ್ಲಿ 1831ರ ಏಪ್ರಿಲ್ 12ರಂದು 74 ಸೈನಿಕರು ಹೆಜ್ಜೆಗೆ ಹೆಜ್ಜೆ ಸೇರಿಸಿ ತೂಗುಸೇತುವೆ ದಾಟಿದರು. ಸೇತುವೆ ಕುಣಿಯಿತು. ಕುಣಿದು ಕುಸಿಯಿತು! ಅಂದಿನಿಂದ ಸೇತುವೆ ಬಂದರೆ ಸೈನಿಕರಿಗೆ ಹೆಜ್ಜೆ ತಪ್ಪಿಸಿ ನಡೆಯುವ ಆಜ್ಞೆ. ಹಾಗಾಗಿ ಕೆಮ್ಮಣ್ಣಿನಲ್ಲಿ ಗುಂಪು ಕಟ್ಟಿ ಕುಪ್ಪಳಿಸಬೇಡಿ ಮಾರಾಯ್ರೇ! ಪಾಠ ಮನೆಯ ಉಯ್ಯಾಲೆಯಲ್ಲೂ ಕಲಿಯಬಹುದು. ಫೋನನ್ನು ಉಯ್ಯಾಲೆಯ ಹಲಗೆಗೆ ಕಟ್ಟಿ, ತೂಗಿ, ಅಲೆಯ ಗೆರೆ ಪರದೆಯ ಮೇಲೆ ಮೂಡುವುದನ್ನು ನೋಡಿ. ತಮ್ಮ ಕೂತರೂ ಅಜ್ಜ ಕೂತರೂ ಲಯ ಹೆಚ್ಚುಕಡಿಮೆ ಅದೇ! ಯಾಕೆ? ಅದು ನಿಮಗೆ ಬಿಟ್ಟದ್ದು.

ಡಿಗ್ರಿ ಇಲ್ಲದ ವಿಜ್ಞಾನದ ಮೇಷ್ಟ್ರು

ಇಷ್ಟಕ್ಕೆಲ್ಲ ದೊಡ್ಡ ಡಿಗ್ರಿ ಬೇಕೆ? ಕೋಟದ ಶಿವರಾಮ ಕಾರಂತರನ್ನು ಕೇಳಿ! ಗಾಂಧೀಜಿಯ ಕರೆಗೆ ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು, ಮೂರು ಸಂಪುಟ. ಸಾಲದೆ, 1959ರಿಂದ ‘ವಿಜ್ಞಾನ ಪ್ರಪಂಚ’, ಮತ್ತೆ ನಾಲ್ಕು ಸಂಪುಟ! ಅಂತರ್ಜಾಲವಿಲ್ಲದ ಕಾಲದಲ್ಲಿ ಒಬ್ಬರೇ ಕೂತು ಕನ್ನಡದಲ್ಲಿ ಜಗತ್ತನ್ನೆಲ್ಲ ಬಿಡಿಸಿಟ್ಟರು.

ಇವತ್ತು ದಾರಿಗಳು ಇನ್ನೂ ಹೆಚ್ಚು. ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ವಿದ್ಯಾರ್ಥಿಯ ಒಂದು ಹೊಸ ಯೋಚನೆ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಯನ್ನು ಓದಿ ಬೆಳೆದವರು ಎಷ್ಟೋ ಮಂದಿ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ತ್ರೀಡಿ ತಾರಾಲಯವೇ ಇದೆ. ಹೋಗಿ ನೋಡಿ. ಆದರೆ ಅನುದಾನ ಬರಲಿ ಎಂದು ಏಪ್ರಿಲ್ 25ರ ಸೂರ್ಯ ಕಾಯುವುದಿಲ್ಲ!

ಕೊನೆಯ ಸವಾಲು, ಎಲ್ಲಕ್ಕಿಂತ ದೊಡ್ಡದು

ಮೂವರು ಬೇಕು. ಒಬ್ಬರು ಕೋಡಿ ಬೆಂಗ್ರೆಯಲ್ಲಿ, ಒಬ್ಬರು ಕೆಮ್ಮಣ್ಣಿನಲ್ಲಿ, ಒಬ್ಬರು ಇನ್ನೂ ಮೇಲೆ ಕಲ್ಯಾಣಪುರದಲ್ಲಿ. ಪ್ರತಿಯೊಬ್ಬರದ್ದೂ ಒಂದೊಂದು ಬಿದಿರುಗಳ. ಹತ್ತು ಹತ್ತು ಸೆಂ.ಮೀ.ಗೆ ಬಣ್ಣದ ಪಟ್ಟಿ ಬಳಿಯಿರಿ. ದೊಡ್ಡವರನ್ನು ಕರೆದುಕೊಂಡು ಹೋಗಿ ನೀರಂಚಿನಲ್ಲಿ ಭದ್ರವಾಗಿ ನೆಡಿಸಿ. ದಡದಲ್ಲೇ ಕೂತು ಕಾಲು ಗಂಟೆಗೊಮ್ಮೆ ನೀರು ಯಾವ ಪಟ್ಟಿಯಲ್ಲಿದೆ ಎಂದು ಬರೆಯಿರಿ.

ನೀರು ಏರುತ್ತದೆ. ಭರತ! ನಿಲ್ಲುತ್ತದೆ. ಇಳಿಯುತ್ತದೆ. ಸುಮಾರು 12 ಗಂಟೆ 25 ನಿಮಿಷ ಕಳೆದರೆ ಮತ್ತೆ ಭರತ. ಇವತ್ತು ಬೆಳಿಗ್ಗೆ 10ಕ್ಕೆ ಬಂದದ್ದು ನಾಳೆ 10:50ರ ಸುಮಾರಿಗೆ. ದಿನವೂ 50 ನಿಮಿಷ ತಡ! ಮೀನಿಗೆ ಹೋಗುವವರಿಗೆ ಈ ಲೆಕ್ಕ ಬಾಯಿಪಾಠ. ಈ ಗಡಿಯಾರಕ್ಕೆ ಕೀಲಿ ಕೊಡುವವನು ಚಂದ್ರ. ಅವನು ಆಕಾಶದಲ್ಲಿ ದಿನಕ್ಕೆ ಅಷ್ಟೇ ತಡವಾಗಿ ಬರುತ್ತಾನೆ.

ಇಲ್ಲೊಂದು ತಮಾಷೆ. ಸೂರ್ಯ ಚಂದ್ರನಿಗಿಂತ ಎಷ್ಟು ಪಟ್ಟು ಭಾರ? 2.7 ಕೋಟಿ ಪಟ್ಟು! ಆದರೂ ನಮ್ಮ ಹೊಳೆಯ ನೀರನ್ನು ಎಳೆಯುವ ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಚಂದ್ರ. ಅದೂ ಎರಡು ಪಟ್ಟಿಗೂ ಮಿಕ್ಕಿ! ದೂರ ಹೆಚ್ಚಾದರೆ ಭರತ ಎಬ್ಬಿಸುವ ಬಲ ದೂರದ ಘನದಷ್ಟು ಕುಗ್ಗುತ್ತದೆ. ಸೂರ್ಯ ಚಂದ್ರನಿಗಿಂತ ಸುಮಾರು 390 ಪಟ್ಟು ದೂರ. 390ರ ಘನ ಎಷ್ಟೆಂದು ನೀವೇ ಗುಣಿಸಿ, ದಂಗಾಗುತ್ತೀರಿ! ಅಮಾವಾಸ್ಯೆಗೂ ಹುಣ್ಣಿಮೆಗೂ ಇಬ್ಬರೂ ಸೇರಿ ಎಳೆಯುತ್ತಾರೆ. ಆ ದಿನ ನಿಮ್ಮ ಗಳದ ಎಷ್ಟು ಪಟ್ಟಿ ಹೆಚ್ಚು ಮುಳುಗಿತು? ಬರೆದಿಡಿ.

ಈಗ ಕೇಳಿ, ನಿಜವಾದ ಪ್ರಶ್ನೆ ಇದು. ಕೋಡಿ ಬೆಂಗ್ರೆಯ ಗಳದಲ್ಲಿ ನೀರು ತುದಿ ಮುಟ್ಟಿದ ಎಷ್ಟು ನಿಮಿಷಕ್ಕೆ ಕೆಮ್ಮಣ್ಣಿನ ಗಳದಲ್ಲಿ ಮುಟ್ಟಿತು? ಕಲ್ಯಾಣಪುರದಲ್ಲಿ? ಭರತ ಹೊಳೆಯನ್ನು ಹತ್ತುವ ವೇಗ ಎಷ್ಟು? ಜುಲೈಯ ನೆರೆನೀರಿಗೂ ಜನವರಿಯ ತಿಳಿನೀರಿಗೂ ಅದು ಬದಲಾಗುತ್ತದೆಯೇ?

ಪಠ್ಯಪುಸ್ತಕದ ಕೊನೆಯ ಪುಟ ತಿರುವಬೇಡಿ, ಉತ್ತರ ಅಲ್ಲಿ ಅಚ್ಚಾಗಿಲ್ಲ. ಗೈಡಿನಲ್ಲೂ ಇಲ್ಲ. ಟ್ಯೂಷನ್ನಿನಲ್ಲೂ ಹೇಳಿಕೊಡುವುದಿಲ್ಲ. ನಿಮ್ಮ ಗಳ, ನಿಮ್ಮ ದಡ, ನಿಮ್ಮ ಆ ದಿನದ ಹೊಳೆ! ಆ ಸಂಖ್ಯೆಯನ್ನು ಮೊದಲು ಬರೆಯುವ ಪುಸ್ತಕ ನಿಮ್ಮ ಇನ್ನೂರು ಪೇಜಿನ ನೋಟ್‌ಬುಕ್ಕೇ ಆಗಿರುತ್ತದೆ.

ಗಳಕ್ಕೆ ಬಣ್ಣ ಬಳಿಯಿರಿ, ಮುಂದಿನ ಹುಣ್ಣಿಮೆ ಯಾವಾಗ ಎಂದು ಕ್ಯಾಲೆಂಡರ್ ನೋಡಿ, ಹೊರಡಿ!